ಕೃಷ್ಣೆ-ಭೀಮೆಯರ ನೆರೆಯೂ ಸರಕಾರದ ಹೊಣೆಯೂ

ಮಳೆಯು ದೈವಾಧೀನವಾದದ್ದು, ಆದರೆ ಅಣೆಕಟ್ಟಿನ ಬಾಗಿಲು ಮನುಷ್ಯಾಧೀನವಾದದ್ದು. ಈ ಭೇದವನ್ನು ನಮ್ಮನ್ನಾಳುವವರು ಮರೆತಿರುವದರಿಂದಲೇ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹೊಳೆಸಾಲಿನ ಹಳ್ಳಿಗಳು ಮೇಲಿಂದ ಮೇಲೆ ನೀರಿನ ಪಾಲಾಗುತ್ತಲಿವೆ. ನೆರೆ ಬಂದಾಗಲೆಲ್ಲ “ಪ್ರಕೃತಿಯ ಕೋಪಕ್ಕೆ ಯಾರೇನು ಮಾಡಬೇಕು?” ಎಂದು ಅಧಿಕಾರಸ್ಥರು ಕೈಚೆಲ್ಲುವದು ನಮ್ಮ ಓದುಗರಿಗೆ ಪರಿಚಿತವಾದದ್ದೇ. ಈ ಮಾತು ಭೂಕಂಪಕ್ಕೆ ಒಪ್ಪೀತು. ಹೊತ್ತು ಗೊತ್ತಿಲ್ಲದೆ ಎರಗುವ ಸಿಡಿಲಿಗೆ ಒಪ್ಪೀತು. ನಮ್ಮ ಸೀಮೆಯ ನೆರೆಗಳಿಗೆ ಬಹುಮಟ್ಟಿಗೆ ಒಪ್ಪಲಾರದು. ಅವು ಅಳತೆ ಮಾಡಿಸಿಕೊಂಡು, ಮುಂದಾಗಿ ಸುದ್ದಿ ಕಳಿಸಿ ಬರುವಂಥವು. ತಿಳಿಸಿ ಬರುವ ಕಷ್ಟಕ್ಕೆ ಸಿದ್ಧರಾಗಿರದೆ, ಅದು ಬಂದುಹೋದ ಮೇಲೆ ಕಣ್ಣೀರೊರೆಸಲು ಹೊರಡುವದು ರಾಜ್ಯಭಾರವಲ್ಲವೆಂಬದೇ ನಮ್ಮ ಈ ಲೇಖದ ಮುಖ್ಯ ಅಭಿಪ್ರಾಯವು.

ನಮ್ಮ ನಾಡಿನ ನೆಲೆಯನ್ನು ಮೊದಲು ನೋಡೋಣ. ತೆಂಕಣಕ್ಕೆ ಕೃಷ್ಣೆ, ಬಡಗಣಕ್ಕೆ ಭೀಮೆ. ಇವೆರಡರ ನಡುವಿನ ಎರೆಭೂಮಿಯಲ್ಲಿ ಸುರಪುರ ಶಹಾಪುರಗಳೂ, ಭೀಮೆಯ ಆಚೆಯ ದಂಡೆಗೆ ಯಾದಗಿರಿಯೂ ಇರುವವು. ಈ ಎರಡೂ ಹೊಳೆಗಳು ಹುಟ್ಟುವದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಕೃಷ್ಣೆಯ ನೀರು ಆಲಮಟ್ಟಿಯಲ್ಲಿ ನಿಂತು, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಇಳಿದು, ಆಮೇಲೆಯೇ ಸುರಪುರದ ದಂಡೆಯ ಊರುಗಳಿಗೆ ಬರುವದು. ಭೀಮೆಯ ನೀರು ಸೊಲ್ಲಾಪುರ ಜಿಲ್ಹೆಯ ಉಜನಿ ಅಣೆಕಟ್ಟಿನಿಂದ ಹೊರಟು, ಅಫಜಲಪುರ ತಾಲೂಕಿನ ಸೊನ್ನದ ಬ್ಯಾರೇಜನ್ನು ದಾಟಿ, ಯಾದಗಿರಿಗೆ ಬರುವದು. ಎಲ್ಲ ಕಡೆಗೂ ಬಾಗಿಲುಗಳಿವೆ, ಬಾಗಿಲಿಗೆ ಇಂಜಿನೀಯರರಿದ್ದಾರೆ, ಇಂಥ ಹೊತ್ತಿಗೆ ಇಷ್ಟು ಸಾವಿರ ಕ್ಯೂಸೆಕ್ಸು ನೀರು ಬಿಡಲಾಯಿತೆಂದು ಗಳಿಗೆ ಗಳಿಗೆಗೆ ಬರೆದಿಡುವ ಪುಸ್ತಕಗಳಿವೆ. ಹೀಗಿರಲು ಉಜನಿಯಲ್ಲಿ ಬಾಗಿಲೆತ್ತಿದ ಸುದ್ದಿ ಯಾದಗಿರಿಗೆ ನೀರಿಗಿಂತ ಎಷ್ಟೋ ಮೊದಲು ಮುಟ್ಟುವದರಲ್ಲಿ ಸಂಶಯವಿಲ್ಲ. ನೀರು ನೂರಾರು ಮೈಲು ಹರಿದು ಬರಬೇಕು; ತಂತಿಯ ಮಾತಿಗೆ ಕ್ಷಣ ಸಾಕು.

ಸುದ್ದಿಯು ಬರುವದೇನೋ ನಿಜ. ಆದರೆ ಆ ಸುದ್ದಿಯಿಂದ ಹಳ್ಳಿಯವನಿಗೆ ಆಗುವ ಪ್ರಯೋಜನವೇನು? “ಎರಡು ಲಕ್ಷ ಕ್ಯೂಸೆಕ್ಸು ಬಿಡಲಾಗುವದು, ನದೀತೀರದ ಜನರು ಎಚ್ಚರದಿಂದಿರಬೇಕು” ಎಂದು ಡಂಗುರ ಸಾರಿದರೆ, ಆ ಎರಡು ಲಕ್ಷವು ತನ್ನ ಹೊಲದ ಬದುವಿನವರೆಗೆ ಬರುವದೋ, ದನದ ಕೊಟ್ಟಿಗೆಯವರೆಗೆ ಬರುವದೋ, ಮಲಗಿದ ಮಗುವಿನ ತೊಟ್ಟಿಲವರೆಗೆ ಬರುವದೋ ಎಂಬದನ್ನು ಅವನು ಹೇಗೆ ತಿಳಿಯಬೇಕು? ಬಾಗಿಲಿನಲ್ಲಿ ನೀರಿನ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಇಡುವ ಸರಕಾರವು, ಅದೇ ನೀರಿಗೆ ಯಾವ ಊರಿನ ಯಾವ ಓಣಿ ಮುಳುಗುವದೆಂಬ ಲೆಕ್ಕವನ್ನು ಜನರ ಕೈಗೆ ಕೊಟ್ಟಿಲ್ಲ. ಎಚ್ಚರದಿಂದಿರಬೇಕೆಂಬ ಉಪದೇಶವು ಹೊಣೆಯನ್ನು ಸರಕಾರದ ಹೆಗಲಿನಿಂದ ಬಡವನ ಹೆಗಲಿಗೆ ದಾಟಿಸುವ ಉಪಾಯವಾಗಿ ಪರಿಣಮಿಸಿದೆ.

ಕಳೆದ ಕೆಲವು ನೆರೆಗಳ ಚರಿತ್ರೆಯನ್ನು ಇಲ್ಲಿ ಸ್ಮರಿಸುವದು ಉಚಿತವಾದದ್ದು. ೨೦೦೯ನೆಯ ಇಸವಿಯ ಸಪ್ಟೆಂಬರದ ಕೊನೆಗೂ ಅಕ್ಟೋಬರದ ಮೊದಲಿಗೂ ಬಂದ ನೆರೆಯಲ್ಲಿ ಬಡಗಣ ಕರ್ನಾಟಕದ ಇನ್ನೂರಕ್ಕೂ ಮಿಕ್ಕಿ ಜನರು ಮಡಿದರು. ಆಗ ಈ ಮೂರೂ ತಾಲೂಕುಗಳು ಗುಲಬರ್ಗಾ ಜಿಲ್ಹೆಯಲ್ಲಿದ್ದವು. ಆ ವರುಷ ನಮ್ಮ ಸೀಮೆಯಲ್ಲಿಯೇ ಸುರಿದ ಮಳೆಯ ಪಾಲು ಬಲು ದೊಡ್ಡದಾಗಿದ್ದುದರಿಂದ ಅದನ್ನು ಸ್ವಲ್ಪ ಬೇರೆಯಾಗಿ ಎಣಿಸಬೇಕು. ಪ್ರಧಾನಮಂತ್ರಿ ಮನಮೋಹನಸಿಂಗರು ವಿಮಾನದಿಂದ ಈ ಭಾಗವನ್ನು ನೋಡಿ ೧,೦೦೦ ಕೋಟಿ ರೂಪಾಯಿಗಳ ನೆರವನ್ನು ಸಾರಿದರು. ರಾಜ್ಯ ಸರಕಾರವು “ಆಸರೆ” ಎಂಬ ಹೆಸರಿನಿಂದ ಮನೆ ಕಟ್ಟಿಸುವ ಯೋಜನೆಯನ್ನು ಹಮ್ಮಿಕೊಂಡು ದಾನಿಗಳನ್ನು ಕರೆಯಿತು. ನಾಡಿನ ಜನರು ಕೈಬಿಚ್ಚಿ ಕೊಟ್ಟರು. ಆದರೆ ಇನ್ನೂ ಮನೆಗಳ ಒಳಗಿನ ಕೆಸರು ಆರುವ ಮೊದಲೇ ಆಳುವ ಪಕ್ಷದಲ್ಲಿ ಒಳಜಗಳವೆದ್ದು, ಶಾಸಕರು ಗುಂಪುಗುಂಪಾಗಿ ಪರಸ್ಥಳದ ವಿಹಾರಗೃಹಗಳಲ್ಲಿ ಬೀಡುಬಿಟ್ಟರು. ಸಂತ್ರಸ್ತರು ಶಾಲೆಯ ಪಡಸಾಲೆಯಲ್ಲಿ, ಅವರ ಪ್ರತಿನಿಧಿಗಳು ವಿಹಾರಗೃಹದಲ್ಲಿ! ನಮ್ಮ ನಾಡಿನ ಚರಿತ್ರೆಯಲ್ಲಿ ಇದಕ್ಕಿಂತ ನಾಚಿಕೆಗೇಡಿನ ದೃಶ್ಯಗಳು ವಿರಳ.

ಹತ್ತು ವರುಷಗಳ ತರುವಾಯ, ೨೦೧೯ನೆಯ ಇಸವಿಯ ಆಗಸ್ಟ ತಿಂಗಳಲ್ಲಿ ಕೃಷ್ಣೆ ಉಕ್ಕಿದಳು. ಬಸವಸಾಗರದಿಂದ ಸುಮಾರು ೬ ಲಕ್ಷ ಕ್ಯೂಸೆಕ್ಸು ನೀರನ್ನು ಬಿಡಬೇಕಾಯಿತು. ಛಾಯಾ ಭಗವತಿಯ ಗುಡಿ ಮುಳುಗಿತು. ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ಹಾದಿಯಲ್ಲಿ ಕೊಳ್ಳೂರಿನ ಸೇತುವೆಯ ಮೇಲೆ ಹೊಳೆ ಹರಿಯಿತು. ಆಗಿನ ಸರಕಾರದ ಸ್ಥಿತಿಯನ್ನು ಓದುಗರು ಮರೆತಿರಲಾರರು. ಜುಲೈ ೨೩ಕ್ಕೆ ಒಂದು ಮಂತ್ರಿಮಂಡಲವು ಬಿದ್ದಿತು. ಜುಲೈ ೨೬ಕ್ಕೆ ಯಡಿಯೂರಪ್ಪನವರು ಮುಖ್ಯಮಂತ್ರಿಗಳಾದರು. ಉಳಿದ ಮಂತ್ರಿಗಳು ಪ್ರಮಾಣ ಸ್ವೀಕರಿಸಿದ್ದು ಆಗಸ್ಟ ೨೦ಕ್ಕೆ. ನಡುವಿನ ೨೫ ದಿವಸ, ಅಂದರೆ ನೆರೆಯು ಏರಿ ಇಳಿದ ಅವಧಿಯೆಲ್ಲ, ಇಷ್ಟು ದೊಡ್ಡ ರಾಜ್ಯಕ್ಕೆ ಒಬ್ಬರೇ ಮಂತ್ರಿಗಳು. ಕಂದಾಯಕ್ಕೆ ಮಂತ್ರಿಯಿಲ್ಲ, ನೀರಾವರಿಗೆ ಮಂತ್ರಿಯಿಲ್ಲ, ಜಿಲ್ಹೆಗೆ ಉಸ್ತುವಾರಿಯಿಲ್ಲ. ಮುಖ್ಯಮಂತ್ರಿಗಳು ಮುದಿವಯಸ್ಸಿನಲ್ಲಿಯೂ ಊರೂರು ತಿರುಗಿದರೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಒಬ್ಬನ ತಿರುಗಾಟವು ಒಂದು ಮಂತ್ರಿಮಂಡಲದ ಕೆಲಸವಾಗಲಾರದು. ಪೂರ್ತಿ ಬಿದ್ದ ಮನೆಗೆ ೫ ಲಕ್ಷ ರೂಪಾಯಿಗಳೆಂದು ಸಾರಿದ್ದು ಉದಾರವಾದ ಮಾತೇ. ರಾಜ್ಯವು ತನಗಾದ ಹಾನಿ ೩೫,೦೦೦ ಕೋಟಿಗೂ ಮಿಕ್ಕಿತೆಂದು ಕೇಂದ್ರಕ್ಕೆ ಬಿನ್ನವಿಸಿತು. ಕೇಂದ್ರದಿಂದ ೧,೨೦೦ ಕೋಟಿಯ ಮೊದಲ ಕಂತು ಮಂಜೂರಾದದ್ದು ಅಕ್ಟೋಬರ ೪ಕ್ಕೆ. ಎರಡೂ ಕಡೆಗೆ ಒಂದೇ ಪಕ್ಷದ ಆಡಳಿತವಿದ್ದಾಗಲೂ ಎರಡು ತಿಂಗಳು!

ಮರುವರುಷ, ೨೦೨೦ನೆಯ ಅಕ್ಟೋಬರದಲ್ಲಿ, ಭೀಮೆಯ ಸರದಿ. ಉಜನಿ, ವೀರ ಅಣೆಕಟ್ಟುಗಳ ನೀರೂ ನಡುದಾರಿಯ ಮಳೆಯೂ ಕೂಡಿ ಸೊನ್ನದಿಂದ ಲಕ್ಷಗಟ್ಟಲೆ ಕ್ಯೂಸೆಕ್ಸಾಗಿ ಹೊರಟು ಯಾದಗಿರಿಯ ದಂಡೆಯನ್ನು ಮುಳುಗಿಸಿದವು. ಅಕ್ಟೋಬರ ೨೧ಕ್ಕೆ ಮುಖ್ಯಮಂತ್ರಿಗಳ ವೈಮಾನಿಕ ಸಮೀಕ್ಷೆ ನಡೆಯಿತು. ೨೦೨೫ನೆಯ ಸಪ್ಟೆಂಬರದಲ್ಲಿ ಭೀಮೆ ಮತ್ತೆ ದಂಡೆ ಮೀರಿದಳು. ಆಗ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಸಪ್ಟೆಂಬರ ೩೦ಕ್ಕೆ ವಿಮಾನವೇರಿ ಕಲಬುರ್ಗಿ, ಬೀದರ, ವಿಜಯಪುರ, ಯಾದಗಿರಿ ಜಿಲ್ಹೆಗಳನ್ನು ನೋಡಿದರು. ಪಕ್ಷಗಳು ಬದಲಾದವು, ಮುಖಗಳು ಬದಲಾದವು, ವಿಮಾನವು ಮಾತ್ರ ಬದಲಾಗಲಿಲ್ಲ. ಆದ್ದರಿಂದ ನಮ್ಮ ಆಕ್ಷೇಪಣೆಯು ಒಂದು ಪಕ್ಷದ ಮೇಲಿನದಲ್ಲ; ನೀರು ಇಳಿದ ಮೇಲೆಯೇ ಸರಕಾರಕ್ಕೆ ಎಚ್ಚರವಾಗುವ ಪದ್ಧತಿಯ ಮೇಲಿನದು.

ವಿಮಾನದಿಂದ ಏನು ಕಾಣುವದು? ಎಷ್ಟು ಹರವು ನೀರು ನಿಂತಿದೆಯೆಂಬದು ಕಾಣುವದು. ಆ ನೀರಿನ ಕೆಳಗೆ ಇರುವ ತೊಗರಿಯು ಯಾರದು, ಹತ್ತಿಯು ಯಾರ ಸಾಲದ್ದು ಎಂಬದು ಕಾಣಲಾರದು. ೨೦೨೫ರಲ್ಲಿ ರಾಜ್ಯ ಸರಕಾರವು ಕೇಂದ್ರದ ನಿಯಮದ ದರಕ್ಕೆ ಹೆಕ್ಟೇರಿಗೆ ೮,೫೦೦ ರೂಪಾಯಿಗಳನ್ನು ತನ್ನಿಂದ ಕೂಡಿಸಿ, ಖುಷ್ಕಿ ಭೂಮಿಗೆ ೧೭,೦೦೦, ನೀರಾವರಿಗೆ ೨೫,೫೦೦, ಬಹುವಾರ್ಷಿಕ ಬೆಳೆಗೆ ೩೧,೦೦೦ ರೂಪಾಯಿಗಳೆಂದು ಗೊತ್ತುಪಡಿಸಿತು. ಇದು ಒಳ್ಳೆಯ ಹೆಜ್ಜೆಯೆಂದು ನಾವು ಮನಸಾರೆ ಒಪ್ಪುವೆವು. ಆದರೂ ಲೆಕ್ಕವನ್ನು ಎಕರೆಗೆ ಇಳಿಸಿ ನೋಡಬೇಕು. ಒಂದು ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ. ಆಗ ಖುಷ್ಕಿಯ ಎಕರೆಗೆ ಬೀಳುವದು ೭,೦೦೦ಕ್ಕೂ ಕಡಮೆ. ಕೇಂದ್ರದ ಮೂಲದರವನ್ನೇ ಹಿಡಿದರೆ ಸುಮಾರು ೩,೪೦೦. ಮೇಲಾಗಿ ಬೆಳೆಯು ನೂರಕ್ಕೆ ೩೩ರಷ್ಟಾದರೂ ಹಾಳಾಗಿರಬೇಕು. ನೆರವು ಎರಡು ಹೆಕ್ಟೇರಿನವರೆಗೆ ಮಾತ್ರ. ಬೀಜ, ಗೊಬ್ಬರ, ಔಷಧಿ, ಕಳೆಯ ಕೂಲಿ, ಎಲ್ಲವನ್ನೂ ಸಾಲದಿಂದ ನಡೆಯಿಸಿದ ಒಕ್ಕಲಿಗನಿಗೆ ಇದರಿಂದ ಮುಂದಿನ ಬಿತ್ತಿಗೆಯೂ ಪೂರೈಸಲಾರದು.

ಇದಕ್ಕಿಂತ ದೊಡ್ಡ ಅನ್ಯಾಯವೊಂದಿದೆ. ಸರಕಾರದ ಹಣವು ಪಹಣಿಯ ಹಿಂದೆ ಹೋಗುವದು. ನೇಗಿಲಿನ ಹಿಂದೆ ಹೋಗುವದಿಲ್ಲ. ಭೂಸುಧಾರಣೆಯ ತಿದ್ದುಪಡಿಯು ೧೯೭೪ನೆಯ ಇಸವಿಯ ಮಾರ್ಚ ೧ರಿಂದ ಜಾರಿಗೆ ಬಂದ ಮೇಲೆ ಕರ್ನಾಟಕದಲ್ಲಿ ಗೇಣಿಯು ಕಾನೂನಿನಲ್ಲಿ ಇಲ್ಲ. ಆದರೆ ಹಳ್ಳಿಯಲ್ಲಿ ಅದು ಇದ್ದೇ ಇದೆ. ಲಾವಣಿಯೆಂದೂ ಪಾಲೆಂದೂ ಬಾಯಿಮಾತಿನಿಂದ ನಡೆಯುತ್ತಲಿದೆ. ಕಾಗದವಿಲ್ಲದ ಈ ಲಾವಣಿದಾರನು ಹೊಲದ ಯಜಮಾನನಿಗೆ ಮುಂಗಡವಾಗಿ ಹಣವನ್ನು ಕೊಟ್ಟು, ತಾನೇ ಬಿತ್ತಿ, ತಾನೇ ಕಾಯುವನು. ಹೊಳೆ ಬಂದು ಬೆಳೆ ಕೊಚ್ಚಿದರೆ ಪರಿಹಾರವು ಊರು ಬಿಟ್ಟು ಕಲಬುರ್ಗಿಯಲ್ಲಿಯೋ ಹೈದರಾಬಾದಿನಲ್ಲಿಯೋ ಇರುವ ಯಜಮಾನನ ಖಾತೆಗೆ ಬೀಳುವದು; ಸಾಲವು ಲಾವಣಿದಾರನ ತಲೆಗೆ ಉಳಿಯುವದು. ಇನ್ನು ಹೊಲವೇ ಇಲ್ಲದ ಕೂಲಿಕಾರನ ಮಾತೇನು? ಹತ್ತಿ ಬಿಡಿಸುವ ಕೆಲಸವೇ ಹೋದ ಮೇಲೆ ಅವನು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಗುಳೆ ಹೊರಡುವನು. ಅವನ ಹಾನಿಯು ಯಾವ ಹೆಕ್ಟೇರಿನ ಲೆಕ್ಕದಲ್ಲಿಯೂ ಸೇರುವದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಮಕ್ಕಳ ಹೆಸರಿನ ಮುಂದಿನ ಗೈರುಹಾಜರಿಯ ಗುರುತೇ ಅದರ ಲೆಕ್ಕ. ನಮ್ಮ ಶಿಕ್ಷಕ ಬಂಧುಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯ ಹೆಸರನ್ನು ಇಲ್ಲಿ ಎತ್ತದೆ ಇರಲಾರೆವು. ಕೃಷ್ಣೆಯ ನಡುವಿನ ಈ ನಡುಗಡ್ಡೆಯು ಹೊಳೆ ತುಂಬಿದಾಗ ಲೋಕದಿಂದ ಬೇರೆಯಾಗುವದು. ೨೦೧೪ನೆಯ ಇಸವಿಯ ಜುಲೈ ತಿಂಗಳ ಕೊನೆಗೆ ಅಲ್ಲಿಯ ಒಬ್ಬ ತುಂಬು ಗರ್ಭಿಣಿಯು, ಹೆರಿಗೆಗೆ ವೈದ್ಯರ ನೆರವು ದೊರೆಯಲೆಂದು, ಒಣಗಿದ ಸೋರೆಯ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತನ್ನ ಮನೆಯ ಗಂಡಸರ ಆಸರೆಯಿಂದ ತುಂಬಿದ ಕೃಷ್ಣೆಯನ್ನು ಈಸಿ ದಡ ಸೇರಿದಳು. ದೇಶವಿದೇಶಗಳ ಪತ್ರಿಕೆಗಳು ಅವಳ ಧೈರ್ಯವನ್ನು ಹೊಗಳಿದವು. ೨೦೧೯ರ ನೆರೆಯಲ್ಲಿ ಆಚೆ ದಂಡೆಯ ದೇವದುರ್ಗ ತಾಲೂಕಿನ ಹಿರೇರಾಯನಕುಂಪಿಯ ಒಬ್ಬ ಬಾಲಕನು ಮುಳುಗಿದ ಸೇತುವೆಯ ಮೇಲೆ ತಾನು ಮುಂದೆ ನಡೆದು ಅಂಬ್ಯುಲನ್ಸಿಗೆ ದಾರಿ ತೋರಿಸಿದನು. ಅವನಿಗೆ ಶೌರ್ಯದ ಪ್ರಶಸ್ತಿಯೂ ಬಂದಿತು. ಇಬ್ಬರಿಗೂ ನಮ್ಮ ವಂದನೆಗಳು ಸಲ್ಲತಕ್ಕವು. ಆದರೆ ಗರ್ಭಿಣಿಯು ಈಸಬೇಕಾಗುವ, ಹುಡುಗನು ಸೇತುವೆ ಹುಡುಕಿಕೊಡಬೇಕಾಗುವ ನಾಡಿನಲ್ಲಿ ಪ್ರಶಸ್ತಿ ಕೊಡುವವರು ತಲೆಯೆತ್ತಿ ನಿಲ್ಲುವದು ಹೇಗೆ? ಪ್ರಜೆಗಳ ಧೈರ್ಯವು ಸರಕಾರದ ಆಲಸ್ಯಕ್ಕೆ ಹೊದಿಕೆಯಾಗಬಾರದು.

ಕೇಂದ್ರ ಸರಕಾರದ ನಡತೆಯೂ ಈ ವಿಷಯದಲ್ಲಿ ಶ್ಲಾಘ್ಯವಾದದ್ದಲ್ಲ. ನೆರೆಯಲ್ಲಿ ಹೇಗೋ ಬರದಲ್ಲಿಯೂ ಹಾಗೆಯೇ. ೨೦೨೩ರಲ್ಲಿ ರಾಜ್ಯದ ೨೨೩ ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ರಾಜ್ಯವು ೧೮,೧೭೧ ಕೋಟಿ ರೂಪಾಯಿಗಳನ್ನು ಬೇಡಿತು. ತಿಂಗಳುಗಟ್ಟಲೆ ಕಾದು, ೨೦೨೪ರ ಮಾರ್ಚದಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ಬಡಿಯಬೇಕಾಯಿತು. ಅದಾದ ಮೇಲೆ ಎಪ್ರಿಲದಲ್ಲಿ ಬಂದದ್ದು ೩,೪೫೪ ಕೋಟಿ. ಒಕ್ಕೂಟದ ಒಂದು ರಾಜ್ಯವು ತನ್ನ ಹಸಿದ ರೈತರ ಸಲುವಾಗಿ ಕೋರ್ಟು ಏರಬೇಕಾಗುವದು ಯಾರಿಗೂ ಭೂಷಣವಲ್ಲ. ಆದರೆ ದಿಲ್ಲಿಯ ತಪ್ಪನ್ನು ತೋರಿಸಿ ಬೆಂಗಳೂರು ತನ್ನ ತಪ್ಪನ್ನು ಮುಚ್ಚಿಕೊಳ್ಳಲಾಗದು. ದಿಲ್ಲಿಯಿಂದ ಬರಬೇಕಾದದ್ದು ಹಣ. ಯಾವ ಊರಿಗೆ ಎಷ್ಟು ನೀರು ಬರುವದೆಂದು ಬರೆದಿಡಲು ಹಣಕ್ಕಿಂತ ಮನಸ್ಸೇ ಹೆಚ್ಚಾಗಿ ಬೇಕು.

ಇಂಥ ಮುಂಧೋರಣೆಯು ಅಸಾಧ್ಯವಾದದ್ದೇ? ನಮ್ಮ ಸೀಮೆಯ ಹಳೆಯ ಚರಿತ್ರೆಯೇ ಉತ್ತರ ಕೊಡುವದು. ಈ ತಾಲೂಕುಗಳು ನಿಜಾಮರ ಆಳಿಕೆಯಲ್ಲಿದ್ದಾಗ, ೧೯೦೮ನೆಯ ಇಸವಿಯ ಸಪ್ಟೆಂಬರ ೨೮ಕ್ಕೆ ಮೂಸಿ ಹೊಳೆಯು ಉಕ್ಕಿ ಹೈದರಾಬಾದ ಪಟ್ಟಣದ ಸಾವಿರಾರು ಜನರನ್ನು ನುಂಗಿತು. ನಿಜಾಮ ಸರಕಾರವು ಮರುವರುಷವೇ ಕನ್ನಡಿಗರಾದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಯಿಸಿತು. ಅವರು ನೀರು ಹರಿದ ದಾರಿಯನ್ನು ಅಳೆದು, ಮೇಲುಗಡೆಗೆ ನೀರನ್ನು ತಡೆಯದ ಹೊರತು ಪಟ್ಟಣಕ್ಕೆ ಕ್ಷೇಮವಿಲ್ಲವೆಂದು ತಿಳಿಸಿದರು. ಅದರಂತೆ ೧೯೨೦ರಲ್ಲಿ ಉಸ್ಮಾನಸಾಗರವೂ ೧೯೨೭ರಲ್ಲಿ ಹಿಮಾಯತಸಾಗರವೂ ಪೂರ್ಣವಾದವು. ಪ್ರಜೆಗಳಿಗೆ ಮತವಿಲ್ಲದ, ಬಾಯಿಲ್ಲದ ಆ ರಾಜ್ಯದಲ್ಲಿಯೂ, ಒಂದು ನೆರೆಯಿಂದ ಒಂದು ಪಾಠವನ್ನು ಕಲಿತು ಎರಡು ದಶಕಗಳೊಳಗಾಗಿ ಅದನ್ನು ಕಲ್ಲುಗಾರೆಯಲ್ಲಿ ಬರೆದರು. ಆಗ ಮುಳುಗಿದ್ದು ರಾಜಧಾನಿ. ಆದ್ದರಿಂದ ಬುದ್ಧಿಯು ಬೇಗ ಚುರುಕಾಯಿತು. ಈಗ ಮುಳುಗುವವು ಕೊಳ್ಳೂರು, ನೀಲಕಂಠರಾಯನಗಡ್ಡಿಯಂಥ ಊರುಗಳು. ರಾಜಧಾನಿಗೆ ಒಂದು ನ್ಯಾಯ, ಹೊಳೆಸಾಲಿಗೆ ಇನ್ನೊಂದು ನ್ಯಾಯವೆಂಬ ಭೇದವು ಪ್ರಜಾರಾಜ್ಯದಲ್ಲಿ ಸಲ್ಲತಕ್ಕದ್ದಲ್ಲ.

ಕರ್ನಾಟಕದ ಏಕೀಕರಣಕ್ಕಾಗಿ ಹೋರಾಡಿದವರು ಮಾಡಿದ ವಾದವೊಂದು ಇಲ್ಲಿ ನೆನಪಿಗೆ ಬರುವದು. ಮುಂಬಯಿಯ ಪ್ರಾಂತದಲ್ಲಿ ಒಂದು ತುಂಡು, ನಿಜಾಮರಲ್ಲಿ ಒಂದು ತುಂಡು, ಮೈಸೂರಿನಲ್ಲಿ ಒಂದು ತುಂಡಾಗಿ ಕನ್ನಡ ನಾಡು ಹರಿದುಹೋಗಿದ್ದಾಗ, ಮೈಸೂರಿನ ಹೊರಗಿನ ಕನ್ನಡಿಗರು ತಮ್ಮ ತಮ್ಮ ರಾಜಧಾನಿಗೆ ಅಂಚಿನ ಜನರಾಗಿದ್ದರು. ಅವರ ಕೂಗು ದೊರೆಗೆ ಮುಟ್ಟುತ್ತಿರಲಿಲ್ಲ. ನಾಡು ಒಂದಾದರೆ ಅಂಚಿನವರು ಒಳಗಿನವರಾಗುವರೆಂಬದೇ ಆ ಮಹನೀಯರ ಆಶೆ. ೧೯೫೬ನೆಯ ಇಸವಿಯ ನವಂಬರ ೧ಕ್ಕೆ ನಾಡು ಒಂದಾಯಿತು. ವಿಜಯಪುರದ ಆಲಮಟ್ಟಿಯೂ ಸುರಪುರದ ನಾರಾಯಣಪುರವೂ ಒಂದೇ ಸರಕಾರದ ಕೈಯೊಳಗೆ ಬಂದವು. ೨೦೧೩ರಲ್ಲಿ ಸಂವಿಧಾನಕ್ಕೆ ೩೭೧-ಜೆ ಕಲಮು ಸೇರಿತು; ೨೦೧೯ರಲ್ಲಿ ಹೈದರಾಬಾದ-ಕರ್ನಾಟಕವು ಕಲ್ಯಾಣ-ಕರ್ನಾಟಕವಾಯಿತು. ಹೆಸರು ಕಲ್ಯಾಣವಾದರೆ ಸಾಲದು. “ಗಂಜಿ ಕೇಂದ್ರ”ವನ್ನು “ಕಾಳಜಿ ಕೇಂದ್ರ”ವೆಂದು ಕರೆದ ಮಾತ್ರಕ್ಕೆ ಗಂಜಿಯು ಪಾಯಸವಾಗಲಿಲ್ಲ. ಅಂಚಿನ ಜನರ ಕೂಗು ಇಂದಿಗೂ ವಿಮಾನದ ಸಪ್ಪಳದಲ್ಲಿ ಅಡಗಿಹೋಗುವದಾದರೆ ಏಕೀಕರಣವು ನಕಾಶೆಯ ಮೇಲೆ ಆಗಿದೆ, ಆಡಳಿತದಲ್ಲಿ ಆಗಿಲ್ಲವೆಂದೇ ಹೇಳಬೇಕಾಗುವದು.

ಬರೇ ಆಕ್ಷೇಪಣೆಯಿಂದ ಕಾರ್ಯವಾಗದು. ಮಾಡತಕ್ಕದ್ದನ್ನೂ ಹೇಳುವದು ಪತ್ರಿಕೆಯ ಧರ್ಮ. ೨೦೦೫ನೆಯ ಇಸವಿಯ ವಿಪತ್ತು ನಿರ್ವಹಣೆಯ ಕಾನೂನು ಪ್ರತಿ ಜಿಲ್ಹೆಗೂ ಒಂದು ಯೋಜನೆ ಇರಬೇಕೆಂದೂ, ಅದನ್ನು ವರುಷ ವರುಷ ತಿದ್ದಬೇಕೆಂದೂ ವಿಧಿಸಿದೆ. ಆದ್ದರಿಂದ ನಾವು ಹೊಸದೇನನ್ನೂ ಬೇಡುತ್ತಲಿಲ್ಲ. ಮೊದಲನೆಯದಾಗಿ, ಬಸವಸಾಗರದಿಂದಲೂ ಸೊನ್ನದಿಂದಲೂ ಒಂದು ಲಕ್ಷ, ಎರಡು ಲಕ್ಷ, ನಾಲ್ಕು ಲಕ್ಷ, ಆರು ಲಕ್ಷ ಕ್ಯೂಸೆಕ್ಸು ನೀರು ಬಂದರೆ ಯಾವ ಊರಿನ ಯಾವ ಮನೆ, ಯಾವ ಹಾದಿ, ಯಾವ ಹೊಲ ಮುಳುಗುವದೆಂಬ ಪಟ್ಟಿಯನ್ನು ಬರೆದು, ಪ್ರತಿ ಊರಿನ ಪಂಚಾಯತಿಯಲ್ಲಿಯೂ ಶಾಲೆಯಲ್ಲಿಯೂ ತೂಗಹಾಕಬೇಕು. ಊರ ನಡುವೆ ನೀರಿನ ಮಟ್ಟದ ಕಲ್ಲುಗಳನ್ನು ನೆಡಬೇಕು. ಎರಡನೆಯದಾಗಿ, ಪದೇ ಪದೇ ಮುಳುಗುವ ಸೇತುವೆಗಳನ್ನು ೨೦೧೯, ೨೦೨೦ರ ನೆರೆಯ ಮಟ್ಟಕ್ಕಿಂತ ಮೇಲೆ ಎತ್ತಬೇಕು. ಸ್ಥಳಾಂತರಕ್ಕೆ ಒಪ್ಪುವ ಊರುಗಳಿಗೆ ಹಕ್ಕುಪತ್ರವನ್ನೂ ನೀರು, ದಾರಿ, ಶಾಲೆಗಳನ್ನೂ ಮೊದಲು ಕೊಟ್ಟು ಆಮೇಲೆ ಕದಲಿಸಬೇಕು. ಮೂರನೆಯದಾಗಿ, ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ಉಳುವವನ ಹೆಸರನ್ನೂ ಬರೆದುಕೊಂಡು ಪರಿಹಾರದಲ್ಲಿ ಅವನ ಪಾಲನ್ನು ನಿಶ್ಚಯಿಸಬೇಕು; ಕೂಲಿ ಕಳಕೊಂಡವರಿಗೆ ನೀರು ಇಳಿದ ವಾರದೊಳಗೆ ಊರಲ್ಲಿಯೇ ಉದ್ಯೋಗ ಖಾತ್ರಿಯ ಕೆಲಸ ಸಿಗಬೇಕು. ನಾಲ್ಕನೆಯದಾಗಿ, ಕೊಯನಾ, ಉಜನಿ, ವೀರ ಅಣೆಕಟ್ಟುಗಳನ್ನು ಮಳೆಗಾಲದಲ್ಲಿ ಯಾವ ತಿಂಗಳು ಎಷ್ಟು ತುಂಬಬೇಕು, ಎಷ್ಟು ತೆರಪು ಇಡಬೇಕೆಂಬ ವಿಷಯದಲ್ಲಿ ಮಹಾರಾಷ್ಟ್ರದೊಡನೆ ಲಿಖಿತವಾದ ಏರ್ಪಾಡು ಆಗಬೇಕು. ಆಲಮಟ್ಟಿಯ ಎತ್ತರದ ವಾದವು ನಡೆಯುವಷ್ಟು ಕಾಲ ನಡೆಯಲಿ. ಹೊಳೆಗೆ ಆ ವಾದದ ಗೊಡವೆಯಿಲ್ಲ.

ಜಿಲ್ಹೆಯ ಅಧಿಕಾರಿಗಳೂ ರಕ್ಷಣಾ ಪಡೆಯವರೂ ನೆರೆಯ ದಿನಗಳಲ್ಲಿ ನಿದ್ದೆಗೆಟ್ಟು ದುಡಿಯುವದನ್ನು ನಾವು ಬಲ್ಲೆವು. ದೋಣಿ ನಡೆಯಿಸುವವನ ಶ್ರಮವು ವ್ಯರ್ಥವಾಗಬಾರದೆಂದೇ, ದೋಣಿ ಬೇಕಾಗದಂತೆ ಮಾಡಿರೆಂದು ಮೇಲಿನವರಿಗೆ ಹೇಳುವೆವು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಪದ್ಧತಿಯು ಇನ್ನಾದರೂ ನಿಲ್ಲಬೇಕು.

ಕಡೆಗೆ ನಮ್ಮ ಓದುಗರಿಗೆ ಒಂದು ಮಾತು. ಸರಕಾರವು ಪಟ್ಟಿಯನ್ನು ಬರೆಯುವವರೆಗೆ ನೀವು ಕಾಯಬೇಕಾದದ್ದಿಲ್ಲ. ಹೊಳೆಸಾಲಿನ ಪ್ರತಿ ಶಾಲೆಯ ಗೋಡೆಯ ಮೇಲೆ, ಯಾವ ವರುಷ ಎಷ್ಟು ನೀರು ಬಿಟ್ಟಾಗ ಹೊಳೆ ಎಲ್ಲಿಯವರೆಗೆ ಬಂದಿತ್ತೆಂಬದನ್ನು ಊರ ಹಿರಿಯರನ್ನು ಕೇಳಿ ಬಣ್ಣದಿಂದ ಗೆರೆಯೆಳೆದು ಬರೆಯಿಸಿರಿ. ಯಾರ ಮನೆ ಬಿದ್ದಿತು, ಯಾರಿಗೆ ಪರಿಹಾರ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬದರ ಒಂದು ದಫ್ತರವನ್ನು ಇಡಿರಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿರಿ. ಬಾಯಿಮಾತಿನ ಗೋಳನ್ನು ಅಲ್ಲಗಳೆಯುವದು ಸುಲಭ. ಬರೆದಿಟ್ಟ ಲೆಕ್ಕವನ್ನು ಅಲ್ಲಗಳೆಯುವದು ಕಠಿಣ. ಕೃಷ್ಣೆ-ಭೀಮೆಯರು ಮತ್ತೆ ಬರುವರೆಂಬದು ನಿಶ್ಚಯ. ಅವರು ಬರುವ ಮೊದಲೇ ನಮ್ಮ ಲೆಕ್ಕವು ಸಿದ್ಧವಾಗಿರಲಿ. ಆ ಲೆಕ್ಕವನ್ನು ಕೇಳಿಕೊಂಡು ಸರಕಾರವೂ ಸಿದ್ಧವಾಗಲಿ.